ಕಾಯಂ ರಹಿವಾಸಿ

ವಾರ್ಡ್ ಆಫೀಸಿನ ನೋಟಿಸು ಬೋರ್ಡಿನಲ್ಲಿ ನನ್ನ ಹೆಸರು ಬಂದಿದೆ ಎಂದು ಮೊದಲು ಹೇಳಿದವಳು ನಮ್ಮ ಪಕ್ಕದ ಖೋಲಿಯ ಮರಾಠಿ ಬಾಯಿ. ಅವಳಿಗೆ ಓದಲು ಬರುತ್ತಿರಲಿಲ್ಲ. ಅವಳು ಪಾತ್ರೆ ತಿಕ್ಕಲು ಹೋಗುತ್ತಿದ್ದ ಮನೆಯವರು ಆ ಆಫೀಸಿನಲ್ಲಿ ಗುಮಾಸ್ತರಾಗಿದ್ದರು, ಅವರು ಹೇಳಿ ಕಳಿಸಿದ್ದರು. ನಾನು ಮಾಟುಂಗದ ಶಾಲೆಯಿಂದ ಬಂದು ಇನ್ನೂ ಚಪ್ಪಲಿ ಕಳಚಿರಲಿಲ್ಲ.

"ಟೀಚರ್, ತುಮ್ ಮೆಂಬರ್ ಬನ್ ಗಯೀ," ನೀವು ಮೆಂಬರಾದಿರಿ, ಎಂದಳು. ಅವಳ ಮುಖದ ತುಂಬ ಸಂತೋಷವಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾವಿದ್ದದ್ದು ಧಾರಾವಿಯ ಅಂಚಿನಲ್ಲಿ, ಮಾಟುಂಗದ ಕಡೆಗೆ ಬಾಯ್ದೆರೆದ ಒಂದು ಗಲ್ಲಿಯಲ್ಲಿ. ಒಂದು ಬದಿಗೆ ಒಂದಂತಸ್ತಿನ ಹಳೆಯ ಚಾಳ್, ಎದುರಿಗೆ ತಗಡಿನ ಮನೆಗಳ ಸಾಲು. ಚಾಳಿನಲ್ಲಿ ನಮ್ಮಂಥ ಸಂಬಳದವರು, ತಗಡಿನ ಮನೆಗಳಲ್ಲಿ ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಹಿಂದುಗಡೆ ಚರ್ಮ ಹದ ಮಾಡುವವರು. ಇಡೀ ಗಲ್ಲಿಗೆ ನೀರಿನ ನಳ ಇರಲಿಲ್ಲ. ಎರಡು ಗಲ್ಲಿ ದಾಟಿ ಹೋಗಿ, ಬೇರೆಯವರ ನಳದ ಮುಂದೆ ಅವರು ತುಂಬಿಕೊಳ್ಳುವ ತನಕ ನಿಂತು ತರಬೇಕಿತ್ತು.

ನಾನು ಧಾರವಾಡದವಳು. ಮದುವೆಯಾಗಿ ಈ ಊರಿಗೆ ಬಂದವಳು. ಗಂಡ ಬೆಳಗಾವಿ ಜಿಲ್ಲೆಯವರು, ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಗುಮಾಸ್ತರು. ನಾನು ಮಾಟುಂಗದಲ್ಲಿ ಕನ್ನಡಿಗರು ನಡೆಸುತ್ತಿದ್ದ ಸಣ್ಣ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ. ಸಂಜೆ ಹೊತ್ತು ಗಲ್ಲಿಯ ಹೆಂಗಸರು ಬಂದು ಕೂರುತ್ತಿದ್ದರು. ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲೋ ನನಗೆ ಬರುವಷ್ಟು ಮರಾಠಿಯಲ್ಲೋ ವಾರ್ಡ್ ಆಫೀಸಿಗೆ ಅರ್ಜಿಯಾಗಿ ಬರೆದು ಕೊಡುತ್ತಿದ್ದೆ. ನಳ ಬೇಕು, ಗಟಾರ ತುಂಬಿದೆ, ಸಂಡಾಸಿನ ಬಾಗಿಲು ಮುರಿದಿದೆ. ಹೆಸರು ಯಾರದ್ದೇ ಇರಲಿ, ಕೈಬರಹ ನನ್ನದು. ವಸ್ತಿಗಳ, ಅಂದರೆ ಇಂಥ ಕೊಳೆಗೇರಿಗಳ, ಸುಧಾರಣೆಗೆ ಪ್ರತಿ ವಾರ್ಡಿಗೂ ಒಂದು ಮಂಡಳಿ ಆಗಬೇಕು, ಅದರಲ್ಲಿ ಅಧಿಕಾರಿಗಳ ಜತೆ ಅಲ್ಲೇ ವಾಸವಾಗಿರುವ ಇಬ್ಬರಿರಬೇಕು, ಆ ಇಬ್ಬರಲ್ಲಿ ಒಬ್ಬಳು ಹೆಂಗಸಾಗಿರಬೇಕು ಎಂದು ಆದೇಶ ಬಂದಾಗ, ಆಫೀಸಿನವರಿಗೆ ಆ ಕೈಬರಹ ನೆನಪಾಯಿತಂತೆ. ನನ್ನನ್ನು ಯಾರೂ ಕೇಳಲಿಲ್ಲ. ಮರುದಿನ ಹೋಗಿ ನೋಡಿದೆ. ಟೈಪು ಮಾಡಿದ ಹಾಳೆಯಲ್ಲಿ ನನ್ನ ಹೆಸರು, ಅದರ ಮುಂದೆ ಮರಾಠಿಯಲ್ಲಿ "ಕಾಯಂ ರಹಿವಾಸಿ", ಅಂದರೆ ಶಾಶ್ವತವಾಗಿ ಇಲ್ಲೇ ವಾಸವಿರುವವಳು.

ಕಾಯಂ ಎನ್ನುವ ಶಬ್ದವನ್ನು ಎರಡು ಸಲ ಓದಿದೆ. ಯಾಕೆಂದರೆ ನಾವು ಹೊರಟಿದ್ದೆವು. ಗಂಡನ ಆಫೀಸಿನ ಹಿರಿಯರೊಬ್ಬರು ನಿವೃತ್ತರಾಗಿ ಹುಬ್ಬಳ್ಳಿಗೆ ಮರಳುವವರಿದ್ದರು. ವಿಲೆ ಪಾರ್ಲೆಯಲ್ಲಿ ಅವರಿದ್ದ ಎರಡು ಕೋಣೆಯ ಬಾಡಿಗೆ ಮನೆಯನ್ನು ನಮಗೆ ಬಿಟ್ಟುಕೊಡಲು ಅವರೂ ಮಾಲೀಕರೂ ಒಪ್ಪಿದ್ದರು. ನಾನೂ ಒಮ್ಮೆ ಹೋಗಿ ನೋಡಿ ಬಂದಿದ್ದೆ. ಅಡುಗೆಮನೆಯ ಒಳಗೇ ನಳ, ಹಿಂದೆ ಒಂದು ನುಗ್ಗೆ ಮರ. ಮಗಳಿಗೆ ಆಗ ನಾಲ್ಕು ವರ್ಷ. ಹದ ಮಾಡುವ ಚರ್ಮದ ವಾಸನೆಗೋ ಏನೋ, ಅವಳಿಗೆ ಕೆಮ್ಮು ಹತ್ತಿದರೆ ಮುಖ ನೀಲಿಗಟ್ಟುತ್ತಿತ್ತು. "ಔಷಧ ನಾ ಎಷ್ಟ್ ಕೊಟ್ರೂ ಅಷ್ಟ. ಜಾಗಾ ಬದಲಿ ಮಾಡ್ರಿ," ಎಂದು ಮಾಟುಂಗದ ಡಾಕ್ಟರರು ಹೇಳಿಬಿಟ್ಟಿದ್ದರು. ದೀಪಾವಳಿ ಮುಗಿಸಿಕೊಂಡು ಹೋಗುವುದೆಂದು ಇಬ್ಬರೇ ಮಾತಾಡಿಕೊಂಡಿದ್ದೆವು. ಗಲ್ಲಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೊಡ ಹೊತ್ತು ನನ್ನ ಹಿಂದೆ ಮುಂದೆ ನಡೆಯುವವರಿಗೆ, ನಾನು ಒಳಗೇ ನಳ ಇರುವ ಮನೆಗೆ ಹೋಗುತ್ತೇನೆ ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ.

ವಾರ ಕಳೆದ ಮೇಲೆ ವಾರ್ಡಿನ ಅಧಿಕಾರಿಯನ್ನು ಕಂಡು, ನನಗೆ ಇದು ಆಗುವುದಿಲ್ಲ ಎಂದೆ. ಅವರು ಮಧ್ಯವಯಸ್ಸಿನ ಸಮಾಧಾನದ ಮನುಷ್ಯ. ಮೇಜಿನ ಮೇಲಿದ್ದ ಒಂದು ಕಾಗದ ತೋರಿಸಿದರು.

"ನಿಮ್ಮ ಕೆಲಸ ಬೇರೆ ಯಾರೋ ಮಾಡಿದ್ದಾರೆ. ನೀವು ಕಾಯಂ ಇರುವವರಲ್ಲ, ಬಿಟ್ಟು ಹೋಗುವವರು ಅಂತ ತಕರಾರು ಬಂದಿದೆ. ಬಹಿರಂಗ ವಿಚಾರಣೆ ಇಡುತ್ತೇವೆ. ಅಲ್ಲಿ ಎದ್ದು ನಿಂತು, ಹೌದು, ಹೋಗುತ್ತಿದ್ದೇನೆ ಅಂದುಬಿಡಿ. ಬೇರೆ ಹೆಂಗಸಿನ ಹೆಸರು ಹಾಕುತ್ತೇನೆ."

ತಕರಾರು ಕೊಟ್ಟವನು ನಮ್ಮ ಎದುರಿನ ಸಾಲಿನ ಮುಕಾದಮ. ಕಟ್ಟಡದ ಕೆಲಸಗಾರರ ಮೇಸ್ತ್ರಿ, ವಿಜಾಪುರ ಜಿಲ್ಲೆಯ ಇಂಡಿ ಪಟ್ಟಣದ ಹತ್ತಿರದ ಊರಿನವನು. ತಗಡಿನ ಮನೆಗಳ ಅರ್ಧ ಜನರನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚಿದವನು ಅವನೇ. ನನಗೂ ಅವನಿಗೂ ಜಗಳವೆಂಬುದೇ ಇರಲಿಲ್ಲ. ನಾವು ಹೊರಟದ್ದು ಅವನಿಗೆ ಹೇಗೆ ಗೊತ್ತಾಯಿತು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕುರ್ಚಿ ಅವನಿಗೇ ಬೇಕಾಗಿರಬೇಕು ಎಂದುಕೊಂಡೆ. ಮನೆಯಲ್ಲಿ ಹೇಳಿದಾಗ ಗಂಡ, "ಛಲೋ ಆತಲ್ಲ. ಹೌದು ಅಂದು ಬಂದುಬಿಡು," ಎಂದರು.

ವಿಚಾರಣೆ ನಡೆದದ್ದು ಒಂದು ಭಾನುವಾರ ಬೆಳಿಗ್ಗೆ, ಹತ್ತಿರದ ಶಾಲೆಯ ಹಾಲಿನಲ್ಲಿ. ಚಿಕ್ಕ ಮಕ್ಕಳು ಕೂರುವ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ಜಾಗ ಸಾಲದೆ ಕಿಟಕಿಗಳಲ್ಲೂ ಜನ. ನಳದ ವಿಷಯವೆಂದು ತಿಳಿದು ಅಕ್ಕಪಕ್ಕದ ಗಲ್ಲಿಯವರೂ ಬಂದಿದ್ದರು. ನನ್ನ ಜತೆ ಹೆಸರು ಬಂದಿದ್ದ ಚರ್ಮದ ಕುಶಲಗಾರ, ವಯಸ್ಸಾದ ತಮಿಳರು, ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಅವರ ಮೇಲೆ ಯಾವ ತಕರಾರೂ ಇರಲಿಲ್ಲ.

ಮುಕಾದಮನನ್ನು ಮೊದಲು ಕರೆದರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ವಾರ್ಡ್ ಆಫೀಸಿನ ಗುಮಾಸ್ತರು ಅವನ ಕನ್ನಡವನ್ನು ಮರಾಠಿಗೆ ತಿರುಗಿಸಿ ಹೇಳುತ್ತಿದ್ದರು.

"ಟೀಚರಬಾಯಾರು ಛಲೋ ಮಂದಿ ಅದಾರ್ರೀ. ಅವರ ಮ್ಯಾಲ ನಂದೇನೂ ಸಿಟ್ಟಿಲ್ಲ. ಆದ್ರ ಅವರು ಇಲ್ಲಿ ಇರೋರಲ್ಲ, ಹೋಗೋರು. ಹೋಗೋರನ್ನ ಕುರ್ಚಿ ಮ್ಯಾಲ ಕುಂದ್ರಿಸಿ ನಮಗೇನ್ ಬಂತ್ರೀ?"

ಆಗ ಹಿಂದಿನಿಂದ ಒಬ್ಬ ಹುಡುಗವಯಸ್ಸಿನವನು, "ಹೀ ಬಾಹೇರಚೀ ಆಹೆ," ಎಂದು ಕೂಗಿದ. ಇವಳು ಹೊರಗಿನವಳು. ಇನ್ನಿಬ್ಬರು ನಕ್ಕರು. ಮದರಾಸಿ ಎಂದು ಒಬ್ಬ ಸೇರಿಸಿದ. ಆ ವರ್ಷಗಳಲ್ಲಿ ಲೋಕಲ್‌ನಲ್ಲಿ, ರೇಶನ್ ಅಂಗಡಿಯ ಸಾಲಿನಲ್ಲಿ ಆ ಮಾತು ನಮಗೆ ಹೊಸದಾಗಿರಲಿಲ್ಲ. ಕೇಳಿಯೂ ಕೇಳದವರಂತೆ ಇರುವುದು ರೂಢಿಯಾಗಿತ್ತು. ಆದರೆ ಅವತ್ತು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಪಕ್ಕದ ಮನೆಯ ಬಾಯಿ ಕರೆಯದೆಯೇ ಎದ್ದಳು. ಹಿಂದಿನ ಮಳೆಗಾಲದಲ್ಲಿ ಅವಳ ಎಂಟು ತಿಂಗಳ ಕೂಸು ವಾಂತಿಭೇದಿಯಿಂದ ತೀರಿಕೊಂಡಿತ್ತು. ಆಸ್ಪತ್ರೆಗೆ ನಾನು ಜತೆಗೆ ಹೋಗಿದ್ದೆ, ಅಷ್ಟೇ. ಅದನ್ನೆಲ್ಲ ಅವಳು ಅಷ್ಟು ಜನರ ಮುಂದೆ ಹೇಳಿದಳು. ನೀರು ಕೆಟ್ಟಿತ್ತು ಎಂದಳು. "ಈಕೆ ಅವತ್ತು ಎಲ್ಲಿಗೂ ಹೋಗಲಿಲ್ಲ. ಈಗಲೂ ಎಲ್ಲಿಗೂ ಹೋಗುವುದಿಲ್ಲ. ನನಗೆ ಗೊತ್ತು," ಎಂದು ಮರಾಠಿಯಲ್ಲಿ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು.

ಅಧಿಕಾರಿ ನನ್ನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ, ಹೇಳಿ, ಮುಗಿಸಿಬಿಡಿ, ಎಂಬ ಸೂಚನೆ ಇತ್ತು. "ನೀವು ಈ ವಸ್ತಿ ಬಿಟ್ಟು ಹೋಗುವವರಿದ್ದೀರಾ?"

ನಾನು ಎದ್ದೆ. ಹೌದು ಎನ್ನಲೆಂದೇ ಎದ್ದಿದ್ದೆ. ಬಾಗಿಲಲ್ಲಿ ಗಂಡ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. ಅವರನ್ನು ನೋಡಿದ್ದೂ ನೆನಪಿದೆ. ಆದರೂ ನನ್ನ ಬಾಯಿಂದ ಬಂದದ್ದು, "ಇಲ್ಲ. ನಾನು ಇಲ್ಲೇ ಇರುವವಳು. ಮುಕಾದಮರು ಹೇಳಿದ್ದು ಸುಳ್ಳು."

ಇದನ್ನು ತ್ಯಾಗವೆಂದು ಹೇಳಿಕೊಳ್ಳಲಾರೆ. ನನಗೆ ಬಂದದ್ದು ಸಿಟ್ಟು. ಹೊರಗಿನವಳು ಎಂದವನ ಮೇಲೆ, ನಕ್ಕವರ ಮೇಲೆ, ನನ್ನ ಗುಟ್ಟು ತಿಳಿದುಕೊಂಡ ಮುಕಾದಮನ ಮೇಲೆ. ಬಾಯಿಯ ಎದುರಿಗೆ ಸಣ್ಣವಳಾಗಲು ಮನಸ್ಸು ಒಪ್ಪಲಿಲ್ಲ ಎಂಬುದೂ ನಿಜ. ಅಧಿಕಾರಿ ಹಾಳೆಯೊಂದನ್ನು ಮುಂದಿಟ್ಟರು. ನಾನು ಈ ವಸ್ತಿಯ ಕಾಯಂ ರಹಿವಾಸಿ, ಬಿಟ್ಟು ಹೋಗುವ ಉದ್ದೇಶ ನನಗಿಲ್ಲ ಎಂದು ಅದರ ಮೇಲೆ ಬರೆದು ಸಹಿ ಮಾಡಿದೆ. ತಲೆಯೆತ್ತಿದಾಗ ಬಾಗಿಲಲ್ಲಿ ಗಂಡ ಇರಲಿಲ್ಲ.

ಮನೆಗೆ ಬಂದಾಗ ಅವರು ಮಗಳಿಗೆ ಊಟ ಮಾಡಿಸುತ್ತಿದ್ದರು.

"ಹಂಗ್ಯಾಕ ಹೇಳಿದಿ?"

"ಸಿಟ್ಟು ಬಂತು."

"ಸಿಟ್ಟು ಬಂದ್ರ ಮಂದಿ ಮನಿ ಬಿಟ್ಟು ಹೋಗ್ತಾರ. ನೀ ಮನಿ ಹಿಡಕೊಂಡು ಕುಂತಿ," ಎಂದರು. ಅದಕ್ಕಿಂತ ಹೆಚ್ಚು ಬಯ್ಯಲಿಲ್ಲ. ಒಂದೆರಡು ತಿಂಗಳು ಹೋಗಲಿ, ಆಮೇಲೆ ರಾಜೀನಾಮೆ ಕೊಟ್ಟರಾಯಿತು ಎಂದುಕೊಂಡೆವು.

ಆದರೆ ಹದಿನೈದು ದಿನದೊಳಗೆ ಮುಕಾದಮ ಮೇಲಿನ ಆಫೀಸಿಗೆ ಅಪೀಲು ಹಾಕಿದ. ನಾನು ರಾಜೀನಾಮೆ ಬರೆದುಕೊಂಡು ಹೋದಾಗ ಅಧಿಕಾರಿ ಅದನ್ನು ಓದಿ ಹಿಂತಿರುಗಿಸಿದರು. "ತಕರಾರು ಬಾಕಿ ಇರುವ ಜಾಗಕ್ಕೆ ರಾಜೀನಾಮೆ ತೆಗೆದುಕೊಳ್ಳಲು ನನಗೆ ಬರುವುದಿಲ್ಲ. ಅಲ್ಲದೆ ಟೀಚರ್, ಅಷ್ಟು ಜನರ ಎದುರು ನೀವು ಬರೆದುಕೊಟ್ಟಿದ್ದೀರಿ. ಈಗ ಬಿಟ್ಟು ಹೋದರೆ ಸುಳ್ಳು ಹೇಳಿಕೆ ಕೊಟ್ಟಂತಾಗುತ್ತದೆ. ನೀವು ಶಾಲೆಯಲ್ಲಿ ಕೆಲಸ ಮಾಡುವವರು, ಯೋಚನೆ ಮಾಡಿ." ಅವರು ಹೆದರಿಸಲಿಲ್ಲ, ಇದ್ದದ್ದನ್ನು ಹೇಳಿದರು. ರಾಜೀನಾಮೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿದೆ.

ಹುಬ್ಬಳ್ಳಿಗೆ ಹೋಗುವ ಹಿರಿಯರು ಎರಡು ತಿಂಗಳು ಕಾದರು. ಆಮೇಲೆ ವಿಲೆ ಪಾರ್ಲೆಯ ಮನೆ ಬೇರೆ ಯಾರಿಗೋ ಹೋಯಿತು.

ಅಪೀಲು ಒಂದು ವರ್ಷ ನಡೆಯಿತು. ತೀರ್ಪು ನನ್ನ ಕಡೆಗೇ ಆಯಿತು. ಕೂಡಲೇ ಮುಕಾದಮ ಹೊಸ ತಕರಾರು ಹಾಕಿದ. ನಾವು ನನ್ನ ತಂಗಿಯ ಮದುವೆಗೆಂದು ಧಾರವಾಡಕ್ಕೆ ಹೋಗಿ ಮೂರು ವಾರ ಇದ್ದು ಬಂದಿದ್ದೆವು. ಬಾಗಿಲಿಗೆ ಬೀಗ ಇತ್ತು ಎಂದು ಹತ್ತು ಜನರ ಹೆಬ್ಬೆಟ್ಟಿನ ಅರ್ಜಿ. ಪರಿಶೀಲನೆಗೆಂದು ಆಫೀಸಿನವನೊಬ್ಬ ಹೊತ್ತಲ್ಲದ ಹೊತ್ತಿನಲ್ಲಿ ಬಂದು, ಒಲೆಯ ಮೇಲೆ ಏನಿದೆ, ಹಗ್ಗದ ಮೇಲೆ ಯಾರ ಬಟ್ಟೆಯಿದೆ ಎಂದು ನೋಡಿ ಬರೆದುಕೊಂಡು ಹೋಗುತ್ತಿದ್ದ. ರೇಶನ್ ಕಾರ್ಡು ಮೂರು ಸಲ ತೋರಿಸಿದೆ. ಮಂಡಳಿಯ ಅವಧಿ ಮೂರು ವರ್ಷ ಎಂದಿದ್ದರು. ಆದರೆ ಸದಸ್ಯರ ಬಗ್ಗೆ ತಕರಾರು ಇರುವ ತನಕ ಅವಧಿಯ ಲೆಕ್ಕ ಹಿಡಿಯುವುದಿಲ್ಲ ಎಂದು ಆಮೇಲೆ ತಿಳಿಯಿತು. ಸಭೆ ಸೇರಿದಾಗಲೆಲ್ಲ ಮೊದಲ ವಿಷಯ ನಾನೇ. ನಾನು ಇರಬೇಕೋ ಬೇಡವೋ ಎಂದು ನನ್ನೆದುರಿಗೇ ಚರ್ಚೆಯಾಗುತ್ತಿತ್ತು. ಚಹಾ ಬರುತ್ತಿತ್ತು. ನಳದ ವಿಷಯ ಬರುವಷ್ಟರಲ್ಲಿ ಇಂಜಿನಿಯರು ಗಡಿಯಾರ ನೋಡಿ ಏಳುತ್ತಿದ್ದರು.

ಗಲ್ಲಿಯಲ್ಲಿ ನಾನು ಎಲ್ಲಿ ಕಾಲಿಟ್ಟರೂ ಕಣ್ಣುಗಳಿದ್ದವು. ಮುಕಾದಮನ ಕಡೆಯವರು ನಾನು ಚೀಲ ಹಿಡಿದು ಹೊರಟರೆ ನೋಡುತ್ತಿದ್ದರು. ಅವರಿಗಿಂತ ಭಾರವಾದದ್ದು ನನ್ನ ಕಡೆಯವರ ಕಣ್ಣು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಮೂರು ಜನ ಹೆಂಗಸರು ಕೂತಿರುತ್ತಿದ್ದರು. "ಆಮ್ಚೀ ಮೆಂಬರ್," ನಮ್ಮ ಮೆಂಬರು, ಎಂದು ಪಕ್ಕದ ಬಾಯಿ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ನೀರಿನ ಸಾಲಿನಲ್ಲಿ ನನಗೆ ಮುಂದೆ ಜಾಗ ಬಿಡಲು ಬರುತ್ತಿದ್ದರು, ನಾನು ಹಿಂದೆಯೇ ನಿಲ್ಲುತ್ತಿದ್ದೆ. ಈ ಜನರನ್ನು ಬಿಟ್ಟು ಓಡಿಹೋಗಬೇಕೆಂದು ದಿನವೂ ಅನಿಸುತ್ತಿತ್ತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಮಗಳ ಕೆಮ್ಮು ಎರಡನೆಯ ಮಳೆಗಾಲಕ್ಕೆ ಹೆಚ್ಚಿತು. ನನ್ನ ತಾಯಿ ಬಂದು ನಾಲ್ಕು ದಿನ ಇದ್ದು, ಐದನೆಯ ದಿನ, "ಕೂಸಿನ್ನ ನಾ ಕರಕೊಂಡು ಹೋಗ್ತೀನಿ. ನಿಂದು ಮಂಡಳಿ ಮುಗದ ಮ್ಯಾಲ ಬಂದು ಒಯ್ಯು," ಎಂದರು. ದಾದರ್ ಸ್ಟೇಷನ್ನಿನಲ್ಲಿ ಮಗಳು ಅಳಲಿಲ್ಲ. ಕಿಟಕಿಯ ಪಕ್ಕ ಜಾಗ ಸಿಕ್ಕಿತೆಂದು ಖುಷಿಯಲ್ಲಿದ್ದಳು. ಧಾರವಾಡದ ಗಾಳಿಗೆ ತಿಂಗಳೊಳಗೆ ಕೆಮ್ಮು ನಿಂತಿತು ಎಂದು ಕಾಗದ ಬಂತು. ಮರುವರ್ಷ ಅಲ್ಲೇ ಶಾಲೆಗೆ ಹಾಕಿದರು. ನಾನು ಬೇರೆಯವರ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೆ. ನನ್ನ ಮಗಳ ಮೊದಲ ಅಕ್ಷರ ನೋಡಿದ್ದು ಅಂಚೆಯ ಕಾರ್ಡಿನ ಮೇಲೆ, ಅಜ್ಜಿ ಗೆರೆ ಹಾಕಿಕೊಟ್ಟದ್ದರ ನಡುವೆ.

ನಳ ಬಂದದ್ದು ನಾಲ್ಕನೆಯ ವರ್ಷ. ಗಲ್ಲಿಯ ಮೊದಲಿಗೊಂದು, ನಡುವಿಗೊಂದು. ಬಾಯಿ ತೆಂಗಿನಕಾಯಿ ಒಡೆದಳು. ಮೊದಲ ಕೊಡ ನಾನೇ ತುಂಬಬೇಕೆಂದು ಎಲ್ಲರೂ ಹಟ ಹಿಡಿದರು. ನೀರು ಬೀಳುವ ಸದ್ದು ಕೇಳುತ್ತ, ಇನ್ನಾದರೂ ನನ್ನನ್ನು ಬಿಡುತ್ತಾರೆ ಎಂದು ಯೋಚಿಸುತ್ತಿದ್ದೆ. ಬಿಡಲಿಲ್ಲ. ನಳವಾದ ಮೇಲೆ ಗಟಾರ, ಗಟಾರವಾದ ಮೇಲೆ ದೀಪ ಎಂದರು. ಮುಕಾದಮನ ತಕರಾರು ಹಾಗೇ ಇತ್ತು.

ಅವನು ನನ್ನ ಮನೆಯ ಹೊಸ್ತಿಲಿಗೆ ಬಂದದ್ದು ಅದಾದ ಮರುವರ್ಷ, ಒಂದು ಭಾನುವಾರ ಮಧ್ಯಾಹ್ನ. ಗಂಡ ಮನೆಯಲ್ಲಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಮುಕಾದಮ ಕಟ್ಟಡಕ್ಕೆ ಕಟ್ಟಿದ್ದ ಮರದ ಪರಾಂಚಿಯ ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದ. ಕೋಲು ಊರಿಕೊಂಡು ಬಂದಿದ್ದ. ಒಳಗೆ ಬನ್ನಿ ಎಂದೆ. ಬರದೆ, ಹೊಸ್ತಿಲ ಹೊರಗೇ ಗೋಡೆಗೆ ಒರಗಿ ಕೂತ.

"ಊರಿಗೆ ಹೊಂಟೀನ್ರೀ ಬಾಯಾರ. ಕೆಲಸ ಆಗೂದಿಲ್ಲ ಇನ್ನ. ಒಂದು ಅರ್ಜಿ ಬರದು ಕೊಡ್ರಿ."

"ಏನಂತ?"

"ನಿಮ್ಮ ಮ್ಯಾಲಿನ ತಕರಾರು ವಾಪಸ್ ತಗೊಂಡೀನಿ ಅಂತ."

ನಾನು ಹಾಳೆ, ಪೆನ್ನು ತಂದು ಕೂತೆ. ಬರೆಯುವ ಮೊದಲು ಕೇಳಿದೆ. "ಐದು ವರ್ಷ ನನ್ನ ಬೆನ್ನು ಹತ್ತಿದ್ರಿ. ನಿಮಗ ಆ ಕುರ್ಚಿ ಅಷ್ಟು ಬೇಕಾಗಿತ್ತೇನ್ರೀ?"

ಅವನು ನನ್ನನ್ನು ನೋಡಿದ ರೀತಿಯಲ್ಲಿ ಆಶ್ಚರ್ಯವಿತ್ತು. "ಅದು ಹೆಂಗಸರ ಕುರ್ಚಿ. ನನಗೆಲ್ಲಿ ಕೊಡ್ತಾರ? ನಾ ಖರೇ ಹೇಳಿದ್ದೆ. ನೀವು ಎಲ್ಲಾರ ಮುಂದ ಸುಳ್ಳ ಅಂದ್ರಿ. ನಾ ಕರಕೊಂಡು ಬಂದ ಮಂದಿ ಅಲ್ಲೇ ಕುಂತಿದ್ರು. ಮರುದಿನ ಕೆಲಸದ ಜಾಗದಾಗ ಒಬ್ಬಾಂವ, ಮುಕಾದಮನ ಮಾತು ಖರೇನೋ ಸುಳ್ಳೋ, ಟೀಚರಗ ಕೇಳಿ ಬರೂಣು, ಅಂತ ಅಂದ. ಅಂಥಾದ್ದು ಕೇಳಿ ನಾ ಹೆಂಗ ಬಿಡ್ಲಿ?"

"ನಾವು ಹೋಗೋರು ಅಂತ ನಿಮಗ ಯಾರು ಹೇಳಿದ್ರು?"

ಅವನು ಕೋಲನ್ನು ಪಕ್ಕಕ್ಕೆ ಗೋಡೆಗೆ ಒರಗಿಸಿದ. "ಹೇಳೂದಿಲ್ಲ ಅಂತ ಮಾತು ಕೊಟ್ಟಿದ್ದೆ. ಈಗ ಊರಿಗೆ ಹೊಂಟೀನಿ. ನಿಮ್ಮ ಯಜಮಾನ್ರು ಹೇಳಿದ್ರು. ನಮ್ಮಾಕಿಗೆ ಒಲ್ಲೆ ಅನ್ನಾಕ ಬರೂದಿಲ್ಲ, ಬಾಜೂ ಖೋಲಿ ಬಾಯಿ ಬಂದು ಅತ್ತಳಂದ್ರ ಇಲ್ಲೇ ಉಳೀತಾಳ, ಕೂಸಿಗೆ ಆರಾಮಿಲ್ಲ, ನೀ ಒಂದು ತಕರಾರು ಹಾಕು, ಹೆಸರು ತಾನ ಹೋಗ್ತೈತಿ, ಅಂದ್ರು. ನಿಮ್ಮ ಕೂಸಿನ ಸಲುವಾಗಿ ಹಾಕಿದೆ."

ಹೊರಗೆ ನಳದಲ್ಲಿ ಯಾರೋ ಬಟ್ಟೆ ಕುಕ್ಕುತ್ತಿದ್ದರು. ನಾನು ಅರ್ಜಿ ಬರೆದೆ. ಓದಿ ಹೇಳಿದೆ. ಅವನು ಹೆಬ್ಬೆಟ್ಟು ಒತ್ತಿದ. ತಪ್ಪಾಯಿತು ಎಂದು ಅವನಿಗೆ ಹೇಳಬೇಕಿತ್ತು. "ಅವತ್ತು ನೀವು ಹೇಳಿದ್ದು ಖರೇ ಇತ್ತು," ಎಂದಷ್ಟೇ ಹೇಳಲಾಯಿತು. "ಈ ಮಾತು ನಮ್ಮ ಮಂದಿ ಮುಂದ ಒಮ್ಮೆ ಹೇಳ್ರಿ," ಎಂದ. ಅದೇ ಸಂಜೆ ತಗಡಿನ ಮನೆಗಳ ಮುಂದೆ ನಿಂತು ಹೇಳಿದೆ. ಅವರು ಕೇಳಿಸಿಕೊಂಡರು. ಬಾಯಿಯೂ ಕೇಳಿಸಿಕೊಂಡಳು. ಅವಳು ಎರಡು ವಾರ ನನ್ನೊಡನೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಗಂಡ ದಾಡಿ ಮಾಡಿಕೊಳ್ಳುತ್ತಿದ್ದಾಗ ಕೇಳಿದೆ. "ನನಗ್ಯಾಕ ಹೇಳಲಿಲ್ಲ?"

ಅವರು ಕನ್ನಡಿಯಿಂದ ಮುಖ ತಿರುಗಿಸಲಿಲ್ಲ. "ಮೊದಲ ಹೇಳಿದ್ರ ನೀ ಸಿಟ್ಟಾಗ್ತಿದ್ದಿ. ಆ ಮ್ಯಾಲ ಹೆಂಗ ಹೇಳ್ಲಿ? ಅಂವಾ ಸುಳ್ಳ ಅಂತ ಎಲ್ಲಾರ ಮುಂದ ಅಂದು ಬಂದಿದ್ದಿ. ಹೋಗಿ ಕಾಲು ಹಿಡದೆ, ವಾಪಸ್ ತಗೋ ಅಂದೆ. ಅಂವಾ ಕೇಳಲಿಲ್ಲ. ಹೋದಾಗೆಲ್ಲ ಅದ ಮಾತು, ನನ್ನ ಸುಳ್ಳ ಮಾಡಿದ್ರು ಅಂತ." ಬ್ಲೇಡು ತೊಳೆದು ಇಟ್ಟರು. "ಮಗಳನ್ನ ಗಾಡಿ ಹತ್ತಿಸಿದ ದಿವಸ ಹೇಳಬೇಕಂತ ಮಾಡಿದ್ದೆ. ನಿನ್ನ ಮುಖ ನೋಡಿ ಬಿಟ್ಟೆ."

ಐದು ವರ್ಷ ಅವರೂ ಆ ಖೋಲಿಯಲ್ಲಿ ನನ್ನ ಹಾಗೆಯೇ ಕೂತಿದ್ದರು. ಪ್ರತಿ ತಕರಾರಿನ ನೋಟಿಸು ಬಂದಾಗಲೂ ಅದನ್ನು ಓದಿ ನನ್ನ ಕೈಗೆ ಕೊಡುತ್ತಿದ್ದವರು ಅವರೇ. ನನಗೆ ಅವರ ಮೇಲೆ ಕೋಪ ಬರಬೇಕಿತ್ತು. ಬಂದದ್ದು ದಣಿವು. ಇಬ್ಬರೂ ಆ ದಿನ ಕೆಲಸಕ್ಕೆ ಹೋಗಲಿಲ್ಲ.

ಹೊಸದಾಗಿ ಬಂದಿದ್ದ ಅಧಿಕಾರಿ ನನ್ನ ರಾಜೀನಾಮೆಯನ್ನು ಎರಡು ನಿಮಿಷದಲ್ಲಿ ತೆಗೆದುಕೊಂಡರು. ನನ್ನ ಜಾಗಕ್ಕೆ ಬಾಯಿಯ ಹೆಸರು ಸೂಚಿಸಿದೆ. ಓದು ಬರಹ ಇಲ್ಲದವಳು ಎಂದು ಅವಳ ಮೇಲೂ ತಕರಾರು ಬಂತು. ಆದರೂ ಅವಳು ಆದಳು. ನನಗಿಂತ ಜೋರಾಗಿ ಮಾತಾಡುತ್ತಿದ್ದಳು ಎಂದು ಆಮೇಲೆ ಕೇಳಿದೆ.

ನಮಗೆ ವಿಲೆ ಪಾರ್ಲೆಯಲ್ಲೇ ಮನೆ ಸಿಕ್ಕಿತು, ಪೂರ್ವದ ಕಡೆ, ವಿಮಾನಗಳು ತಲೆಯ ಮೇಲೆ ಹಾದುಹೋಗುವ ಕಟ್ಟಡದಲ್ಲಿ. ಸಾಮಾನು ಜೋಡಿಸಿದ ವಾರವೇ ಮಗಳನ್ನು ಕರೆತಂದೆ. ಅವಳಿಗೆ ಆಗ ಹತ್ತಾಗುತ್ತ ಬಂದಿತ್ತು. ಒಳ್ಳೆಯ ಹುಡುಗಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ರಜೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ತನ್ನ ಬಟ್ಟೆಗಳನ್ನು ತಾನೇ ಮಡಿಚಿ ಚೀಲಕ್ಕೆ ಹಾಕುತ್ತಿದ್ದಳು.

"ಇಲ್ಲೇ ಶಾಲಿಗೆ ಹಾಕ್ತೀವಿ. ಇರೂದಿಲ್ಲೇನು?" ಎಂದು ಕೇಳಿದೆ.

"ನಮ್ಮ ಮನ್ಯಾಗ ಅಜ್ಜಿ ಒಬ್ಬಾಕಿನ ಅದಾಳ," ಎಂದಳು.

ಅವಳು ಮೆಟ್ರಿಕ್ ಮುಗಿಸಿದ್ದು ಧಾರವಾಡದಲ್ಲಿ.